ಲೇಬಲ್ ಕಿತ್ತ ಟ್ಯೂಬುಗಳು

ನೆರೂಳ
9 ಸೆಪ್ಟೆಂಬರ್ 2024

ದಾನೇಶ್ವರಿಯವರಿಗೆ ನಮಸ್ಕಾರ.

ನಾನು ನಿಶ್ಮಿತಾ. ಹೋದ ಗುರುವಾರ ಕಲ್ಯಾಣದಲ್ಲಿ ನಿಮ್ಮ ಬಿಲ್ಡಿಂಗ್ ಕೆಲಸದ ಜಾಗಕ್ಕೆ ಬಿಳಿ ಹೆಲ್ಮೆಟ್ ಹಾಕಿಕೊಂಡು ಬಂದು, ಮರಳಿನ ಗುಡ್ಡೆಯ ಮೇಲೆ ಜಾರಿ ಬಿದ್ದು, ನಿಮ್ಮ ಗ್ಯಾಂಗಿನ ಹನ್ನೆರಡು ಹೆಂಗಸರನ್ನೂ ನಗಿಸಿದವಳು. ನೀವು ಕೈ ಹಿಡಿದು ಎಬ್ಬಿಸಿ, "ಏಳ್ರಿ ಮೇಡಂ, ಉಸುಕೇ ಅದ, ಏನಾಗಂಗಿಲ್ಲ" ಎಂದಿರಿ. ಕನ್ನಡ ಕೇಳಿ ನನಗೆ ಜೀವ ಬಂತು.

ಲೋಕಲ್ ಹತ್ತಿ ಬಂದು ಹೇಳಬಹುದಾದ ಮಾತಿಗೆ ಸ್ಟ್ಯಾಂಪು ಯಾಕೆ ಎನ್ನುತ್ತೀರೇನೋ. ನಾನು ಡೊಂಬಿವಲಿಯ ಒಂದು ಕೆಮಿಕಲ್ ಕಂಪನಿಯಲ್ಲಿ ಸಂಶೋಧನೆ ಮಾಡುವವಳು. ನಮ್ಮಂಥವರಿಗೆ ಇಲ್ಲಿ ನೆರೂಳದಲ್ಲಿ ಆರು ತಿಂಗಳ ತರಬೇತಿ ಉಂಟು. ಲ್ಯಾಬಿನಲ್ಲಿ ಕಂಡುಹಿಡಿದದ್ದನ್ನು ಪೇಟೆಗೆ ಹೇಗೆ ತರಬೇಕು ಅಂತ ಕಲಿಸುತ್ತಾರೆ. ಅಂಬರೀಶ ಸರ್ ಎಂಬ ಒಬ್ಬರು ನಮಗೆ ಮೇಷ್ಟ್ರು. ಅವರದೊಂದು ವಿಚಿತ್ರ ನಿಯಮ: ನಿಮ್ಮ ವಸ್ತುವನ್ನು ಬಳಸುವ ಒಬ್ಬರಿಗೆ ಕೈಬರಹದಲ್ಲಿ ಪತ್ರ ಬರೆಯಬೇಕು. ಒಮ್ಮೆ ವಸ್ತು ಕೊಟ್ಟು ಬಂದ ಮೇಲೆ ಫೋನು ಮಾಡುವಂತಿಲ್ಲ, ಭೇಟಿಯಾಗುವಂತಿಲ್ಲ. ಫೋನಿನಲ್ಲಿ ಜನ "ಹಾಂ ಹಾಂ" ಅಂದುಬಿಡುತ್ತಾರಂತೆ, ಬರೆಯುವಾಗ ಯೋಚಿಸುತ್ತಾರಂತೆ.

ಅವತ್ತು ನಾನು ಕೊಟ್ಟ ಹನ್ನೆರಡು ಟ್ಯೂಬಿನ ಕ್ರೀಮು ನನ್ನ ನಾಲ್ಕು ವರ್ಷದ ದುಡಿಮೆ. ಬೆಳಿಗ್ಗೆ ಕೈಗೆ ಹಚ್ಚಿದರೆ ತೆಳುವಾದ ಪದರ ಕೂರುತ್ತದೆ. ಹಸಿ ಸಿಮೆಂಟು ತೊಗಲನ್ನು ಸುಡುವುದಿಲ್ಲ. ಎಂಟು ಗಂಟೆ ಸಾಬೂನಿಗೂ ಜಗ್ಗುವುದಿಲ್ಲ! ಚರ್ಮದ ಡಾಕ್ಟರರ ಪರೀಕ್ಷೆಯೂ ಆಗಿದೆ, ಹೆದರಬೇಡಿ. ಹೆಸರು "ಕರಲಕ್ಷ್ಮಿ". ಎದ್ದ ಕೂಡಲೇ ಅಂಗೈ ನೋಡಿಕೊಂಡು ಲಕ್ಷ್ಮಿಯನ್ನು ನೆನೆಯಬೇಕೆಂದು ಅಮ್ಮ ಕಲಿಸಿದ್ದಳು. ಅದಕ್ಕೇ ಟ್ಯೂಬಿನ ಮೇಲೆ ಲಕ್ಷ್ಮಿಯ ಚಿತ್ರ ನಾನೇ ಅಂಟಿಸಿದೆ.

ಫೆಬ್ರವರಿ ಕೊನೆಯ ದಿನ ನಮ್ಮ ಕಂಪನಿಯ ಮುರಾರಿ ಸರ್ ಇಲ್ಲಿಗೆ ಬರುತ್ತಾರೆ. ಅವರು ಒಪ್ಪಿದರೆ ಕ್ರೀಮು ತಯಾರಿಗೆ ಹೋಗುತ್ತದೆ. ಇಲ್ಲದಿದ್ದರೆ ಫೈಲು ಕಪಾಟಿಗೆ, ನಾನು ದಿನವಿಡೀ ಡ್ರಮ್ಮುಗಳ ತಪಾಸಣೆಗೆ. ಇನ್ನು ಎಲ್ಲ ನಿಮ್ಮ ಕೈಯಲ್ಲಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಏಳನೆಯವರೆಗೆ ಮಾತ್ರ ಕನ್ನಡ ಶಾಲೆ ನನ್ನದು. ತಪ್ಪಿದ್ದರೆ ನಗಾಡಬೇಡಿ.

ನಿಶ್ಮಿತಾ

*

ಕಲ್ಯಾಣ
20 ಸೆಪ್ಟೆಂಬರ್ 2024

ಸೌಭಾಗ್ಯವತಿ ನಿಶ್ಮಿತಾ ಮೇಡಂ ಅವರಿಗೆ ದಾನೇಶ್ವರಿ ಮಾಡುವ ನಮಸ್ಕಾರಗಳು.

ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮ ಬಯಸುತ್ತೇವೆ. ತಮ್ಮ ಪತ್ರ ಮಾಪಣ್ಣನ ಚಹಾದ ಅಂಗಡಿಗೆ ತಲುಪಿತು. ಈ ಕಡೆ ಹನ್ನೆರಡು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲನೇ ಪತ್ರ. ಮಾಪಣ್ಣ ಎಲ್ಲರಿಗೂ ತೋರಿಸಿದ.

ತಾವು ಕೊಟ್ಟ ಮುಲಾಮು ಬಹಳ ಉತ್ತಮವಾಗಿದೆ. ಎಲ್ಲ ಹೆಣ್ಣುಮಕ್ಕಳೂ ಸಂತೋಷಪಟ್ಟಿದ್ದಾರೆ. ಯಾವ ತೊಂದರೆಯೂ ಇಲ್ಲ. ಟ್ಯೂಬುಗಳು ಮುಗಿಯಲು ಬಂದಿವೆ. ಇನ್ನೂ ಇದ್ದರೆ ಕಳುಹಿಸಬೇಕಾಗಿ ವಿನಂತಿ.

ನಾನು ಅಫಜಲಪುರದ ಕಡೆಯವಳು. ಹತ್ತನೇ ಪಾಸಾಗಿದ್ದೇನೆ. ಪತ್ರ ಬರೆಯುವ ಪಾಠ ನಮಗೂ ಇತ್ತು.

ತಮ್ಮ ವಿಶ್ವಾಸಿ,
ದಾನೇಶ್ವರಿ

*

ನೆರೂಳ
5 ಅಕ್ಟೋಬರ್ 2024

ದಾನೇಶ್ವರಿಯವರಿಗೆ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! "ಬಹಳ ಉತ್ತಮ" ಎಂಬ ಮಾತನ್ನು ಹಾಸ್ಟೆಲಿನಲ್ಲಿ ನಾಲ್ಕು ಜನರಿಗೆ ಓದಿ ಹೇಳಿದೆ. ಔಷಧಿ ಕಂಪನಿಯ ರಿತೇಶ್ ಅಂತ ಒಬ್ಬ ಇದ್ದಾನೆ. ಅವನ ಗಿರಾಕಿ ಇನ್ನೂ ಪತ್ರವನ್ನೇ ಬರೆದಿಲ್ಲ. ಅವನ ಮುಖ ನೋಡಬೇಕಿತ್ತು ನೀವು.

ಇನ್ನೊಂದು ಡಜನ್ ಟ್ಯೂಬು ಕಳಿಸಿದ್ದೇನೆ. ಜೊತೆಗೆ ಒಂದು ಹಾಳೆಯೂ ಉಂಟು. ಹನ್ನೆರಡು ಜನರ ಹೆಸರಿನ ಮುಂದೆ ಹತ್ತರಲ್ಲಿ ಎಷ್ಟು ಅಂಕ ಅಂತ ಬರೆದು ಕಳಿಸಿ. ಅದರಿಂದ ನಾನೊಂದು ಗ್ರಾಫ್ ಮಾಡಬೇಕು. ವಾಸನೆ ಹೇಗಿದೆ ಎಂದೂ ಹೇಳಿ. ನಿಂಬೆಹಣ್ಣಿನ ಪರಿಮಳ ನಾನೇ ಆರಿಸಿದ್ದು.

ನೀವು ಸೌಭಾಗ್ಯವತಿ ಎಂದು ಬರೆದದ್ದನ್ನು ಅಮ್ಮ ಓದಿ ಒಂದು ವಾರದಿಂದ ಶುರು ಮಾಡಿದ್ದಾಳೆ. "ನೋಡು, ಅವರಿಗೂ ಅನ್ನಿಸಿದೆ. ನಿನಗೆ ಮಾತ್ರ ಅನ್ನಿಸುವುದಿಲ್ಲ." ನನಗೆ ಮೂವತ್ತೊಂದು, ಮದುವೆಯಾಗಿಲ್ಲ. ನಾಲ್ಕು ವರ್ಷ ಈ ಕ್ರೀಮಿನ ಜೊತೆಗೇ ಸಂಸಾರ ಮಾಡಿದ್ದೇನೆ.

ನಿಶ್ಮಿತಾ

*

ಕಲ್ಯಾಣ
22 ಅಕ್ಟೋಬರ್ 2024

ಕುಮಾರಿ ನಿಶ್ಮಿತಾ ಮೇಡಂ ಅವರಿಗೆ ನಮಸ್ಕಾರ.

ಹಾಳೆ ತುಂಬಿ ಕಳುಹಿಸಿದ್ದೇನೆ. ಎಲ್ಲರೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ. ಕಂಪನಿಯವರು ನಂಬಲಿಕ್ಕಿಲ್ಲವೆಂದು ಇಬ್ಬರದು ಒಂಬತ್ತು ಮಾಡಿದ್ದೇನೆ. ವಾಸನೆ ಪರವಾಗಿಲ್ಲ.

ನಮ್ಮಲ್ಲಿ ಮರಗಮ್ಮ ಅಂತ ಹಿರಿಯಳು ಒಬ್ಬಳಿದ್ದಾಳೆ, ರಾಯಚೂರಿನ ಕಡೆಯವಳು. ತಾವು ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು. ಸ್ಲ್ಯಾಬ್ ಹಾಕಿದ ಮರುದಿನ ಅವಳು ನಡೆಯುತ್ತಿರಲಿಲ್ಲ. ಕುಂಟುವವರು ಬೇಡ, ಊರಿಗೆ ಕಳಿಸು ಎಂದು ಗುತ್ತಿಗೆದಾರ ನನಗೆ ಎರಡು ಸಲ ಹೇಳಿದ್ದ. ಈಗ ಅವಳು ಕುಂಟುವುದಿಲ್ಲ. ದೀಪಾವಳಿಯ ತನಕವಂತೂ ಕೆಲಸದಲ್ಲಿ ಇರುತ್ತಾಳೆ. ತಮಗೆ ಪುಣ್ಯ ಬರಲಿ.

ಅಮ್ಮನವರ ಮಾತು ಸರಿಯಾಗಿಯೇ ಇದೆ.

ದಾನೇಶ್ವರಿ

*

ನೆರೂಳ
11 ನವೆಂಬರ್ 2024

ದಾನೇಶ್ವರಿಯವರಿಗೆ,

ಇವತ್ತು ಮನಸ್ಸು ಸರಿ ಇಲ್ಲ. ಇದ್ದದ್ದು ಹೇಳುತ್ತೇನೆ.

ನಿಮ್ಮ ಅಂಕಗಳ ಗ್ರಾಫನ್ನು ತರಗತಿಯಲ್ಲಿ ತೋರಿಸಿದೆ. ಅಂಬರೀಶ ಸರ್ ಕನ್ನಡಕ ತೆಗೆದು ಒರೆಸುತ್ತಾ, "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಿನ್ನ ಕ್ರೀಮಿನ ಗ್ರಾಫ್ ಅಲ್ಲ, ಆ ಯಮ್ಮನ ಮರ್ಯಾದೆಯ ಗ್ರಾಫು" ಎಂದರು. ಹದಿನಾಲ್ಕು ಜನರ ಮುಂದೆ! ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಶನಿವಾರ ಅಪ್ಪನ ಹೋಟೆಲಿಗೆ ಹೋದೆ. ನನ್ನಪ್ಪ ಲೀಲಾಧರ, ಠಾಣೆಯ ಕೋಪರಿಯಲ್ಲಿ ಸ್ಟೇಷನ್ ಪಕ್ಕ ಮೂವತ್ತೈದು ವರ್ಷದಿಂದ ಇಡ್ಲಿ-ಬನ್ಸ್ ಹೋಟೆಲು ನಡೆಸುತ್ತಾರೆ. ನಡೆದದ್ದನ್ನು ಹೇಳಿ ಅತ್ತೆ. ಅವರು ಗಲ್ಲಾದಿಂದ ಏಳಲೂ ಇಲ್ಲ. "ಮಾರಾಯ್ತಿ, ನಾನು ಯಾವತ್ತಾದ್ರೂ ಗಿರಾಕಿ ಹತ್ರ ಹೇಗುಂಟು ಅಂತ ಕೇಳಿದ್ದು ನೋಡಿದ್ದೀಯಾ? ತೊಳೆಯುವಲ್ಲಿಗೆ ವಾಪಸು ಬಂದ ಬಟ್ಟಲು ನೋಡ್ತೇನೆ. ಗಿರಾಕಿ ಬಾಯಲ್ಲಿ ಸುಳ್ಳು ಹೇಳಿಯಾನು, ಬಟ್ಟಲಲ್ಲಿ ಹೇಳುದಿಲ್ಲ. ಚಟ್ನಿ ಉಳಿದಿದ್ರೆ ಚಟ್ನಿದೇ ತಪ್ಪು" ಎಂದರು.

ಅದಕ್ಕೆ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಳಸಿದ ಟ್ಯೂಬುಗಳನ್ನು ವಾಪಸು ಕಳಿಸುತ್ತೀರಾ? ಮುಗಿದಿರಲಿ, ಅರ್ಧ ಉಳಿದಿರಲಿ, ಹೇಗಿದೆಯೋ ಹಾಗೆ.

ನಿಶ್ಮಿತಾ

*

ಕಲ್ಯಾಣ
24 ನವೆಂಬರ್ 2024

ಮೇಡಂ ಅವರಿಗೆ,

ಇಪ್ಪತ್ತನಾಲ್ಕು ಟ್ಯೂಬುಗಳನ್ನು ಚೀಲದಲ್ಲಿ ಹಾಕಿ ಕಳಿಸಿದ್ದೇನೆ. ಎಲ್ಲವೂ ಖಾಲಿ. ಸ್ಲ್ಯಾಬಿನ ಕೆಲಸ ಇದೆ, ಹೆಚ್ಚು ಬರೆಯಲು ಆಗುವುದಿಲ್ಲ.

ದಾನೇಶ್ವರಿ

*

ನೆರೂಳ
3 ಡಿಸೆಂಬರ್ 2024

ದಾನೇಶ್ವರಿಯವರಿಗೆ,

ಚೀಲ ಸಿಕ್ಕಿತು. ಟ್ಯೂಬುಗಳು ಖಾಲಿ ಇವೆ, ಸರಿ. ಆದರೆ ಒಂದರ ಮೇಲೂ ಲೇಬಲ್ ಇಲ್ಲ. ಇಪ್ಪತ್ತನಾಲ್ಕನ್ನೂ ಯಾರೋ ನೀರಿನಲ್ಲಿ ನೆನೆಸಿ, ಉಗುರಿನಿಂದ ನಾಜೂಕಾಗಿ ಕಿತ್ತಿದ್ದಾರೆ.

ರಿತೇಶ್ ಹೇಳುತ್ತಾನೆ, "ಲೇಬಲ್ ಕಿತ್ತರೆಂದರೆ ಮಾರಿದ್ದಾರೆ ಅಂತಲೇ. ಸ್ಟೇಷನ್ ಹೊರಗೆ ಬೇರೆ ಡಬ್ಬಿಗೆ ತುಂಬಿ, ಇದೇ ಲೇಬಲ್ ಅಂಟಿಸಿ ಮಾರಿದರೆ ಯಾರಿಗೆ ಗೊತ್ತಾಗುತ್ತದೆ?" ನಾನು ಅವನೊಂದಿಗೆ ಜಗಳ ಮಾಡಿದೆ. ಆದರೆ ರೂಮಿಗೆ ಬಂದು ಯೋಚಿಸಿದರೆ ನನಗೂ ಬೇರೆ ಕಾರಣ ಹೊಳೆಯಲಿಲ್ಲ. ಹತ್ತಕ್ಕೆ ಹತ್ತು ಬರೆದ ಮೇಲೆ ಮುಚ್ಚಿಡುವುದೇನಿತ್ತು? ನಿಮ್ಮ ಮಾತನ್ನು ನಂಬಿ ನಾನು ಎಲ್ಲರೆದುರು ನಿಂತಿದ್ದೆ.

ನಿಶ್ಮಿತಾ

*

ನೆರೂಳ
19 ಡಿಸೆಂಬರ್ 2024

ದಾನೇಶ್ವರಿಯವರೇ,

ಉತ್ತರವಿಲ್ಲ. ಹಿಂದಿನ ಪತ್ರ ಅಂಚೆಗೆ ಹಾಕಿದ ಮರುದಿನವೇ ಪೆಟ್ಟಿಗೆಯ ಹತ್ತಿರ ಹೋಗಿ ನಿಂತಿದ್ದೆ, ವಾಪಸು ತೆಗೆಯಲಾಗುತ್ತದೇನೋ ಅಂತ. ಹುಚ್ಚಿ ನಾನು.

ನೀವು ಏನು ಮಾಡಿದ್ದರೂ ನನ್ನನ್ನು ಮರಳಿನಿಂದ ಎಬ್ಬಿಸಿದವರು. ಹಾಗೆ ಬರೆದದ್ದು ತಪ್ಪು. ಕ್ಷಮಿಸಿ.

ನಿಶ್ಮಿತಾ

*

ಕಲ್ಯಾಣ
6 ಜನವರಿ 2025

ನಿಶ್ಮಿತಾ ಮೇಡಂ,

ಮೂರು ಸಲ ಬರೆದು ಹರಿದೆ. ಪುಸ್ತಕದ ಕನ್ನಡದಾಗ ಖರೇ ಮಾತು ಬರೀಲಾಕ ಬರವಲ್ದು. ಇದು ನಾಕನೇದು. ನಾ ಮಾತಾಡೋ ಹಂಗೇ ಬರೀತೀನಿ, ಓದ್ಕೋರಿ.

ಮೊದಲು ಸಿಟ್ಟಿನ ಮಾತು ಮುಗಸ್ತೀನಿ. ನಾವು ಕಲ್ಲು ಹೊತ್ತು ಉಣ್ಣೋರು, ಮಂದಿ ಕೊಟ್ಟದ್ದು ಮಾರಿ ಉಣ್ಣೋರಲ್ಲ. ನಿಮ್ಮ ಪತ್ರ ಮಾಪಣ್ಣನ ಅಂಗಡ್ಯಾಗ ನಿಂತು ಓದಿದೆ, ಕೈಯಾಗಿನ ಚಹಾ ಅಲ್ಲೇ ಆರಿಹೋಯ್ತು. ಆದರ ಎರಡನೇ ಪತ್ರ ಬಂತು. ಮತ್ತ, ಸುಳ್ಳು ಮೊದಲು ಹೇಳಿದಾಕಿ ನಾನೇ. ಅದಕ್ಕ ಬರೀಲಾಕತ್ತೀನಿ.

ನಿಮ್ಮ ಮುಲಾಮು ಒಂದು ದಿನಾನೂ ನಾವು ಕೈಗೆ ಹಚ್ಚಿಲ್ಲ. ಅಲ್ಲ, ಒಂದು ದಿನ ಹಚ್ಚಿದ್ವಿ. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದ್ರ ಎಷ್ಟು ತೊಳದ್ರೂ ಹೋಗವಲ್ದು. ರೊಟ್ಟಿ ಮುರಿದ್ರ ಸಂಡಾಸ ತೊಳೆಯೋ ಎಣ್ಣಿ ವಾಸನಿ! ಹನ್ನೆರಡು ಮಂದಿ ಉಪವಾಸ ಕುಂತ್ವಿ. ನೀವು ಎಂಟು ತಾಸು ಜಗ್ಗಂಗಿಲ್ಲ ಅಂತ ಖುಷಿಲೆ ಬರದೀರಿ. ಕೈಲೇ ಉಣ್ಣೋರಿಗೆ ಅದೇ ತ್ರಾಸ ನೋಡ್ರಿ. ಕೈಗೆ ರಬ್ಬರಿನ ಗ್ಲೌಸ್ ಅದಾವ ನಮಗ, ಹರಕೋ ಮುರಕೋ ನಡೀತದ.

ಕಾಲಿಗೆ ಏನೂ ಇಲ್ಲ. ಬೂಟು ಮೂರೇ ಜೋಡಿ, ಅವೂ ಸಾಹೇಬರು ಬಂದ ದಿನ ಹೊರಗ ಬರ್ತಾವ. ಸ್ಲ್ಯಾಬ್ ಹಾಕೋ ದಿನ ಹಸಿ ಸಿಮೆಂಟಿನ ಮಾಲಿನಾಗ ಮುಂಜಾನಿಂದ ಸಂಜೀ ತನಕ ನಿಂತಿರ್ತೀವಿ. ಹಿಮ್ಮಡ ಸುಟ್ಟು ಸೀಳ್ತಾವ. ಮರಗಮ್ಮಂದು ಹೇಳಬಾರದು, ಕೂಸು ಅತ್ತಂಗ ಅಳತಿದ್ಲು. ಆಕಿನೇ ಮೊದಲು ಅಂದಳ, "ಹೆಂಗೂ ಹೊರಗ ಒಗಿಯೋದು, ಕಾಲಿಗರ ಹಚ್ಚಿ ನೋಡೂಣು." ಹಚ್ಚಿದ್ವಿ. ಯವ್ವಾ, ಮರುದಿನ ಎಲ್ಲರೂ ನೆಟ್ಟಗ ನಡದ್ವಿ!

ಆದರ ಟ್ಯೂಬಿನ ಮ್ಯಾಲ ಲಕ್ಷ್ಮಿ ಕುಂತಾಳ. ಆಕಿನ್ನ ಹಿಡಕೊಂಡು ಕಾಲಿಗೆ ಹೆಂಗ ಹಚ್ಚೋದು? ಅದಕ್ಕ ನೆನಸಿ ಮೆಲ್ಲಕ ಕಿತ್ತು ನಮ್ಮ ಶೆಡ್ಡಿನ ತಗಡಿಗೆ ಅಂಟಿಸೇವಿ, ದೇವರ ಫೋಟೋದ ಮಗ್ಗಲಕ. ಇಪ್ಪತ್ತನಾಕು ಲಕ್ಷ್ಮಿ ಸಾಲಾಗಿ ಅದಾಳ. ಬಂದು ಎಣಸ್ರಿ.

ಯಾಕ ಹೇಳಲಿಲ್ಲ ಅಂದ್ರ, ನೀವು ಕೈಗೆ ಅಂತ ಮನಸಿಟ್ಟು ಮಾಡಿದ್ದು. ಅದನ್ನ ನಾವು ಕಾಲಿಗೆ ಬಳದೀವಿ ಅಂತ ಯಾವ ಬಾಯಿಲೆ ಹೇಳಲಿ? ಮತ್ತ ನೀವೇ ಮೊದಲನೇ ಪತ್ರದಾಗ ಬರದೀರಿ, ಎಲ್ಲ ನಿಮ್ಮ ಕೈಯಾಗ ಅದ, ಇಲ್ಲಾಂದ್ರ ನಾ ಡ್ರಮ್ಮು ಎಣಸ್ಲಾಕ ಹೋಗ್ತೀನಿ ಅಂತ. ಅದನ್ನ ಓದಿದ ಮ್ಯಾಲ ಚಲೋ ಇಲ್ಲ ಅಂತ ಹೆಂಗ ಬರೀಲಿ? ನನಗೂ ಒಬ್ಬಾಕಿ ಮಗಳಿದ್ದಾಳ, ನರ್ಸಿಂಗ್ ಓದ್ತಾಳ. ನಿಮ್ಮ ಹೊಟ್ಟಿ ಮ್ಯಾಲ ಹೊಡಿಯೋಕೆ ಮನಸಾಗಲಿಲ್ಲ.

ಈಗ ಹೇಳೀನಿ. ಹಗುರಾತು.

ದಾನೇಶ್ವರಿ

*

ನೆರೂಳ
9 ಜನವರಿ 2025

ದಾನೇಶ್ವರಿಯಕ್ಕಾ,

ಇನ್ನು ಅಕ್ಕ ಎಂದೇ ಕರೆಯುತ್ತೇನೆ. ಪತ್ರ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ಓಡಿಹೋಗಿ ಪರೀಕ್ಷೆಯ ಫೈಲು ತೆರೆದೆ. ಸೀಳಿದ ಚರ್ಮದ ಮೇಲೆ ಈ ಕ್ರೀಮನ್ನು ನಾವು ಪರೀಕ್ಷೆ ಮಾಡಿಯೇ ಇಲ್ಲ. ಯಾರ ಹತ್ತಿರವಾದರೂ ಚೂರು ಉಳಿದಿದ್ದರೆ, ಸೀಳು ಇರುವವರು ಹಚ್ಚಲೇಬೇಡಿ. ದಮ್ಮಯ್ಯ.

ಭಾನುವಾರ ಬೆಳಿಗ್ಗೆ ಚರ್ಮದ ಡಾಕ್ಟರರನ್ನು ಕರೆದುಕೊಂಡು ಬರುತ್ತೇನೆ. ಭೇಟಿಯಾಗಬಾರದೆಂಬ ನಿಯಮ ಮುರಿಯುತ್ತೇನೆಂದು ಅಂಬರೀಶ ಸರ್ ಬಳಿ ಹೇಳಿದೆ. ಅವರು ನಿಮ್ಮ ಪತ್ರವನ್ನು ಎರಡು ಸಲ ಓದಿ, "ಹೋಗಮ್ಮ, ಬೇಗ ಹೋಗು. ನಿನ್ನ ತರಬೇತಿ ಇವತ್ತು ಶುರುವಾಯ್ತು" ಎಂದರು.

ಮರಗಮ್ಮನಿಗೆ ಹೇಳಿ, ಈ ಸಲ ನಾನು ಮರಳಿನ ಕಡೆಗೆ ಬರುವುದಿಲ್ಲ.

ನಿಶ್ಮಿತಾ

*

ಡೊಂಬಿವಲಿ
2 ಮಾರ್ಚ್ 2025

ದಾನೇಶ್ವರಿಯಕ್ಕಾ,

ಮನೆಯಿಂದ ಬರೆಯುತ್ತಿದ್ದೇನೆ, ತರಬೇತಿ ಮುಗಿಯಿತು. ಮೊದಲು, ಜನವರಿಯಲ್ಲಿ ನಿಮ್ಮ ಕಾಲು ನೋಡಿದ ಡಾಕ್ಟರರ ವರದಿ: ನಿಮ್ಮ ಹನ್ನೆರಡು ಜನರ ಕಾಲಿಗೂ ಕ್ರೀಮಿನಿಂದ ತೊಂದರೆಯಾಗಿಲ್ಲ. ಆದರೂ ಸೀಳು ಮಾಯುವ ತನಕ ಬೇರೆ ಮುಲಾಮು, ಮಾಯ್ದ ಮೇಲೆ ನಮ್ಮದು. ಇದನ್ನು ಡಬ್ಬಿಯ ಮೇಲೆಯೇ ಬರೆಸಬೇಕು ಎಂದಿದ್ದಾರೆ.

ಇನ್ನು ಫೆಬ್ರವರಿ 28ರ ಕತೆ. ಎಲ್ಲರೂ ಬಣ್ಣಬಣ್ಣದ ಪರದೆ ತೋರಿಸಿದರು. ನನ್ನ ಸರದಿ ಬಂದಾಗ ಗ್ರಾಫು ತೆಗೆಯಲಿಲ್ಲ. ಲೇಬಲ್ ಇಲ್ಲದ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ನಿಮ್ಮ ಜನವರಿಯ ಪತ್ರವನ್ನು ನಿಮ್ಮ ಕನ್ನಡದಲ್ಲೇ ಓದಿ, ಸಾಲು ಸಾಲಿಗೆ ಹಿಂದಿಯಲ್ಲಿ ಹೇಳುತ್ತಾ ಹೋದೆ. ಸಂಡಾಸದ ಎಣ್ಣೆ ಬಂದಾಗ ಇಡೀ ಹಾಲ್ ನಕ್ಕಿತು. ಲಕ್ಷ್ಮಿಯ ಸಾಲು ಬಂದಾಗ ಅಂಬರೀಶ ಸರ್ ಮತ್ತೆ ಕನ್ನಡಕ ಒರೆಸಿದರು.

ಮುರಾರಿ ಸರ್ ಕೇಳಿದರು, "ಅಂದ್ರೆ ನಾಲ್ಕು ವರ್ಷ ಕೈಗೆ ಅಂತ ಮಾಡಿದ್ದು ಫೇಲ್?" "ಹೌದು ಸರ್. ಕೈಗೆ ಫೇಲ್. ಕಾಲಿಗೆ ಪಾಸ್" ಎಂದೆ. ಅವರು ಟ್ಯೂಬೊಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಐನೂರು ಡಬ್ಬಿ ಮಾಡಿ, ಮೂರು ಬಿಲ್ಡಿಂಗ್ ಸೈಟಿನಲ್ಲಿ ಆರು ತಿಂಗಳು ಪರೀಕ್ಷಿಸಿ ಎಂದರು!

ಎರಡು ಷರತ್ತು ನಾನು ಹಾಕಿದೆ, ಎರಡಕ್ಕೂ ಒಪ್ಪಿದರು. ಪರೀಕ್ಷೆ ನಡೆಯುವ ಸೈಟಿನಲ್ಲಿ ಪ್ರತಿಯೊಬ್ಬರಿಗೂ ದಿನಾ ಬೂಟು, ಕಂಪನಿಯ ಖರ್ಚಿನಲ್ಲಿ. ಕ್ರೀಮು ಬಂತೆಂದು ಬೂಟು ತಪ್ಪಿಸುವಂತಿಲ್ಲ. ಮತ್ತು ಪರೀಕ್ಷೆ ನೋಡಿಕೊಳ್ಳುವವರು ದಾನೇಶ್ವರಿ, ಸಂಬಳಕ್ಕೆ. ಬರುತ್ತೀರಾ? ಗ್ಯಾಂಗು ಬಿಡಬೇಕಾಗಿಲ್ಲ. ಒಂದೇ ಕೆಲಸ, ಚಲೋ ಇಲ್ಲದ್ದನ್ನು ಚಲೋ ಇಲ್ಲ ಅಂತ ಬರೆಯುವುದು.

ನಿಂಬೆ ವಾಸನೆ ತೆಗೆದೆ. ಟ್ಯೂಬಿನ ಬದಲು ಅಗಲ ಬಾಯಿಯ ಡಬ್ಬಿ. ಲಕ್ಷ್ಮಿಗೆ ಕೈ ಮುಗಿದು ಬೀಳ್ಕೊಟ್ಟೆ. ಅವಳ ಜಾಗದಲ್ಲಿ ಏನು ಚಿತ್ರ ಹಾಕಲಿ? ಆಫೀಸಿನವರು ಬೆಳ್ಳಗೆ ನುಣ್ಣಗಿನ ಕಾಲೊಂದನ್ನು ಕಳಿಸಿದ್ದಾರೆ, ಗೆಜ್ಜೆ ಸಮೇತ.

ನಿಶ್ಮಿತಾ

*

ಕಲ್ಯಾಣ
14 ಮಾರ್ಚ್ 2025

ನಿಶ್ಮಿತಾ ತಂಗಿಗೆ,

ನಿನ್ನ ಪತ್ರ ಎಲ್ಲರ ಮುಂದ ಓದಿದೆ. ಬೂಟಿನ ಮಾತು ಬಂದಾಗ ಮತ್ತೊಮ್ಮೆ ಓದು ಅಂದ್ರು. ಮೂರು ಸಲ ಓದಿಸಿದ್ರು.

ಕೆಲಸಕ್ಕ ಬರ್ತೀನಿ. ಚಲೋ ಇಲ್ಲ ಅನ್ನೋದು ನನಗ ಹೊಸಾದು, ರೂಢಿ ಮಾಡ್ಕೋತೀನಿ. ಇಲ್ಲಿಂದಲೇ ಶುರು ಮಾಡ್ತೀನಿ: ಆ ಗೆಜ್ಜಿ ಕಾಲು ಚಲೋ ಇಲ್ಲ. ಅಂಥಾ ಕಾಲಿನಾಕಿಗೆ ಈ ಮುಲಾಮು ಯಾಕ ಬೇಕು? ಅದನ್ನ ನೋಡಿದ್ರ ನಮ್ಮ ಹೆಣ್ಣುಮಕ್ಕಳು ಇದು ಮದುವಿ ಮನಿದು ಅಂತ ಮುಂದಕ್ಕ ಹೋಗ್ತಾರ.

ದೇವರೂ ಬ್ಯಾಡ. ಮರಗಮ್ಮನ ಹಿಮ್ಮಡದ ಫೋಟೋ ಹಾಕು, ಸೀಳಿನ ಗುರುತು ಕಾಣೋ ಹಂಗ. ಓದಲಾಕ ಬರದವರಿಗೂ ತಿಳಿತದ ಇದು ನಮ್ಮದು ಅಂತ. ಆಕಿನ್ನ ಕೇಳೀನಿ. "ಮಾರಿ ಬಿಟ್ಟು ಕಾಲಿನ ಫೋಟೋ ಯಾರು ತೆಗಿತಾರವ್ವ" ಅಂತ ನಕ್ಕೊಂತ ಹೂಂ ಅಂದಾಳ. ಕಾಲು ತೊಳಕೊಂಡು ಕುಂತಾಳ. ತೊಳದದ್ದು ಬ್ಯಾಡ ಅಂತ ಹೇಳೀನಿ.

ದಾನೇಶ್ವರಿ

*

ಕಲ್ಯಾಣ
18 ಆಗಸ್ಟ್ 2025

ತಂಗಿ,

ಹೋದ ತಿಂಗಳು ಡಬ್ಬಿ ಬಂದ ದಿನದ ಸುದ್ದಿ ಬಾಯಿಲೆ ಹೇಳೋಣ ಅಂತಿದ್ದೆ. ಆದರ ನಿನಗ ಪತ್ರ ಬರೆಯೋದು ನನಗ ಚಟ ಆಗ್ಯಾದ, ಅದಕ್ಕ ಬರೀತೀನಿ.

ಮರಗಮ್ಮ ಡಬ್ಬಿ ಕೈಯಾಗ ಹಿಡಕೊಂಡು ಸುಮ್ಮನ ನೋಡಿದಳ. ಆಮೇಲೆ ಬೂಟು ಬಿಚ್ಚಿ ಕಾಲು ಮಾಪಣ್ಣನ ಅಂಗಡಿ ಬೆಂಚಿನ ಮ್ಯಾಲ ಇಟ್ಟು ಡಬ್ಬಿ ಮಗ್ಗಲಕ ಹಿಡದಳ. "ಏ, ನೋಡ್ರೋ! ಇದು ನಂದೇ ಹಿಮ್ಮಡ!" ಅಂತ ಒದರಿದಳ. ಚಹಾ ಕುಡಿಲಾಕ ಬಂದ ಗೌಂಡಿಗಳೆಲ್ಲ ಮುತ್ತಿಗಿ ಹಾಕಿದ್ರು. ಆಮೇಲೆ ಹಂಗೇ ಕುಂತು ಅತ್ತಳ. ಮೂವತ್ತು ವರ್ಷದಾಗ ಎಷ್ಟು ಬಿಲ್ಡಿಂಗ್ ಕಟ್ಟೀನಿ, ಯಾವುದರ ಮ್ಯಾಲೂ ನನ್ನ ಗುರುತಿಲ್ಲ ಅಂದಳ. ಗುತ್ತಿಗೆದಾರನೂ ಬಂದು ನೋಡಿದ. ಊರಿಗೆ ಕಳಿಸು ಅನ್ನೋ ಮಾತು ಎತ್ತಲಿಲ್ಲ.

ಇನ್ನು ನನ್ನ ಕೆಲಸದ ಮಾತು. ಮಳೆಗಾಲದಾಗ ಮುಚ್ಚಳ ಜಾರ್ತದ, ಒದ್ದಿ ಕೈಲೆ ತೆಗಿಲಾಕ ಬರಂಗಿಲ್ಲ. ಇದು ಚಲೋ ಇಲ್ಲ. ತಿದ್ದು.

ನಮ್ಮ ಗ್ಯಾಂಗಿನ ಖಾಲಿ ಡಬ್ಬಿ ಚೀಲದಾಗ ಕಳಿಸ್ಲಾಕತ್ತೀನಿ. ನಿಮ್ಮ ಅಪ್ಪಾವರಿಗೂ ತೋರಿಸು. ಎಣಸಿದ್ರ ಹನ್ನೊಂದೇ ಅದಾವ, ಮತ್ತ ರಿತೇಶನ್ನ ಕೇಳಲಾಕ ಹೋಗಬ್ಯಾಡ. ಹನ್ನೆರಡನೇದು ಮರಗಮ್ಮ ಕೊಡವಲ್ಲಳು, ಊರಾಗ ಮೊಮ್ಮಗಳಿಗೆ ತೋರಸ್ತಾಳಂತ. ಉಳಿದ ಹನ್ನೊಂದರ ಮ್ಯಾಲೂ ಲೇಬಲ್ ಹಂಗೇ ಅದ. ಯಾರೂ ಕಿತ್ತಿಲ್ಲ.

ನಿನ್ನ ಅಕ್ಕ,
ದಾನೇಶ್ವರಿ